ಸೋಪಿನಕ್ಕ ಕೂರಿಸಿದ ನಾಲ್ಕು ಪಿಸ್ಟನ್

ಬೆಳಗಿನ ಐದೂಕಾಲು ಗಂಟೆ. ಬೀದಿಯ ಉಳಿದ ಷೆಡ್ಡುಗಳ ಷಟರ್‌ಗಳು ಇನ್ನೂ ನೆಲ ಮುಟ್ಟಿಕೊಂಡೇ ಇವೆ. ಒಂದು ಮಾತ್ರ ಸೊಂಟದೆತ್ತರಕ್ಕೆ ಏರಿದೆ. ಅದರಡಿಯಿಂದ ಟ್ಯೂಬ್‌ಲೈಟಿನ ಬೆಳಕು ರಸ್ತೆಯ ಎಣ್ಣೆಗಲೆಗಳ ಮೇಲೆ ಚೆಲ್ಲಿದೆ. ಬಗ್ಗಿ ಒಳಗೆ ಹೋದರೆ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ ಎಂಜಿನ್ ಬ್ಲಾಕಿನ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೂದಲನ್ನು ಬಟ್ಟೆಯಲ್ಲಿ ಕಟ್ಟಿದ್ದಾರೆ. ಬಳೆ, ಉಂಗುರ ಏನೂ ಇಲ್ಲ. ಉಗುರುಗಳನ್ನು ಚರ್ಮದವರೆಗೂ ಕತ್ತರಿಸಿದ್ದಾರೆ.

ಅವರ ಕೈಯಲ್ಲಿರುವುದು ಬೋರ್ ಗೇಜು. ಉದ್ದನೆಯ ಕಡ್ಡಿಯ ತಲೆಗೆ ಗಡಿಯಾರ ಕೂರಿಸಿದಂತಿರುವ ಅಳತೆಯ ಉಪಕರಣ. ಅದನ್ನು ಸಿಲಿಂಡರಿನೊಳಗೆ ಇಳಿಸಿ ತೊಟ್ಟಿಲು ತೂಗುವ ಹಾಗೆ ಮೆಲ್ಲನೆ ಅತ್ತಿತ್ತ ಆಡಿಸುತ್ತಾರೆ. ಮುಳ್ಳು ಒಂದು ಕಡೆ ಹೋಗಿ, ಅಲ್ಲಿ ಅರೆಗಳಿಗೆ ನಿಂತು, ಹಿಂದಕ್ಕೆ ತಿರುಗುತ್ತದೆ. ತಿರುಗಿದ ಆ ಜಾಗವೇ ಅಳತೆ.

"ಒಂದನೇದು?" ಎಂದು ಮೂಲೆಯ ಸ್ಟೂಲಿನಿಂದ ದನಿ ಬರುತ್ತದೆ.

"ಎಂಟು."

"ಎರಡು?"

"ಎಂಟು."

"ಮೂರು?"

"ಎಂಟೂವರೆ."

"ಇನ್ನೊಂದ್ಸಲ ನೋಡು."

ಅವರು ಗೇಜನ್ನು ತೆಗೆದು, ಒರೆಸಿ, ಮತ್ತೆ ಇಳಿಸುತ್ತಾರೆ. "ಎಂಟೇ ಅಣ್ಣ. ನಾನೇ ಸ್ವಲ್ಪ ವಾರೆ ಹಿಡಿದಿದ್ದೆ."

ಎಂಟು ಅಂದರೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು. ಪಿಸ್ಟನ್ನಿಗೂ ಅದು ಏರಿಳಿಯುವ ಗೋಡೆಗೂ ನಡುವೆ ಒಂದು ತಲೆಗೂದಲು ನುಸುಳುವಷ್ಟು ಜಾಗ. ಅಷ್ಟು ಬಿಡದಿದ್ದರೆ ಎಂಜಿನ್ ಕಾದಾಗ ಪಿಸ್ಟನ್ ಉಬ್ಬಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚು ಬಿಟ್ಟರೆ ಅಲ್ಲಾಡಿ ಅಲ್ಲಾಡಿ ತಾನೇ ಸವೆದುಹೋಗುತ್ತದೆ. ಇಷ್ಟು ಬೇಗ ಎದ್ದು ಅಳೆಯುವುದೂ ಇದಕ್ಕಾಗಿಯೇ. "ಷೀಟಿನ ಮೇಲೆ ಬಿಸಿಲು ಬಿತ್ತು ಅಂದ್ರೆ ಕಬ್ಬಿಣ ಹಿಗ್ಗುತ್ತೆ. ಪಿಸ್ಟನ್ ಅಲ್ಯೂಮಿನಿಯಂದು, ಅದು ಇನ್ನೂ ಜಾಸ್ತಿ ಹಿಗ್ಗುತ್ತೆ. ಆಮೇಲೆ ಗೇಜು ಏನು ಹೇಳಿದ್ರೂ ನಂಬೋ ಹಾಗಿಲ್ಲ" ಎನ್ನುತ್ತಾರೆ. ಪಿಸ್ಟನ್ನುಗಳನ್ನು ನೆನ್ನೆ ಸಂಜೆಯೇ ಬ್ಲಾಕಿನ ಪಕ್ಕ ತಂದಿಟ್ಟಿದ್ದಾರೆ, ಎರಡೂ ಒಂದೇ ತಂಪಿಗೆ ಬರಲಿ ಎಂದು. ಮುಟ್ಟುವಾಗಲೂ ಬಟ್ಟೆ ಸುತ್ತಿಯೇ ಮುಟ್ಟುತ್ತಾರೆ. ಅಂಗೈಯ ಬಿಸಿಯೂ ಲೆಕ್ಕಕ್ಕೆ ಬರುವ ಕೆಲಸ ಇದು.

ಸ್ಟೂಲಿನ ಮೇಲಿರುವುದು ಅವರ ಅಣ್ಣ. ಅರವತ್ತೊಂದು ವರ್ಷ. ಬೀದಿಗೆಲ್ಲ ಮೇಸ್ತ್ರಿ. ಎರಡೂ ಕೈಗಳನ್ನು ತೊಡೆಗಳ ನಡುವೆ ಅದುಮಿಟ್ಟುಕೊಂಡು ಕೂತಿದ್ದಾರೆ, ಚಳಿಗೆ ಕೂತವರ ಹಾಗೆ. ಚಳಿಯೇನಿಲ್ಲ.

ಏಳು ಗಂಟೆಗೆ ಒಬ್ಬರು ಬರುವವರಿದ್ದಾರೆ. ತಂಗಿಯೇ ಫೋನ್ ಮಾಡಿ ಕರೆದಿದ್ದಾರೆ. ಮೇಸ್ತ್ರಿಗೆ ಅದು ಗೊತ್ತಿಲ್ಲ.

ಮೆಕ್ಯಾನಿಕ್‌ಗಳೇ ತುಂಬಿದ ಈ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಸೋಪಿನಕ್ಕ ಎಂದು. ಇಪ್ಪತ್ತಾರು ವರ್ಷದಿಂದ ಅವರು ಮಾಡಿಕೊಂಡು ಬಂದಿದ್ದು ತೊಳೆಯುವ ಕೆಲಸ. ಬೋರಿಂಗ್ ಯಂತ್ರದವರು ಸಿಲಿಂಡರನ್ನು ಹೆರೆದು, ಸಾಣೆಕಲ್ಲಿನಿಂದ ಉಜ್ಜಿ ಕಳಿಸಿದ ಮೇಲೆ ಗೋಡೆಯ ಸಣ್ಣ ಗೀರುಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಆ ಪುಡಿ ಒಳಗೇ ಉಳಿದರೆ ಹೊಸ ಎಂಜಿನ್ನನ್ನು ಒಂದೇ ದಿನದಲ್ಲಿ ಹುರಿದು ಮುಕ್ಕುತ್ತದೆ. ಅದನ್ನು ತೆಗೆಯಲು ಬಿಸಿನೀರು, ಸೋಪು, ಬಿರುಸು ಕೂದಲಿನ ಬ್ರಷ್ಷು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೇಸರ ಪಡದ ಮನಸ್ಸು ಬೇಕು. ತೊಳೆದ ಮೇಲೆ ಎಣ್ಣೆಯದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು, ಬಟ್ಟೆ ಬೂದಿ ಬಣ್ಣವಾದರೆ ಮತ್ತೆ ಮೊದಲಿನಿಂದ. "ಬೇರೆಯವರು ಎರಡು ಸಲ ತೊಳೀತಾರೆ. ನಾನು ಆರು ಸಲ. ಕೆಲವು ಬ್ಲಾಕು ಏಳು ಕೇಳುತ್ತೆ" ಎನ್ನುವ ಅವರ ಅಂಗೈ ಸೋಪಿಗೂ ಡೀಸೆಲ್ಲಿಗೂ ಬೆಂದು ಸುಕ್ಕಾಗಿದೆ. ಹಾಲು ಕಾಯಿಸಿದರೂ ಡೀಸೆಲ್ ವಾಸನೆ ಬರುತ್ತೆ ಅಂತ ಅತ್ತಿಗೆ ರೇಗಿಸುತ್ತಾರಂತೆ.

ಅವರು ಈ ಷೆಡ್ಡಿಗೆ ಬಂದಿದ್ದು ಇಪ್ಪತ್ತಾರನೇ ವಯಸ್ಸಿಗೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಒಂದೇ ಒಂದು ಚೀಲ ಹಿಡಿದು ಗಂಡನ ಮನೆಯಿಂದ ನೇರವಾಗಿ ಇಲ್ಲಿಗೆ ಬಂದರು. ಷೆಡ್ಡಿನ ಹಿಂದೆಯೇ ಮನೆ. ಆದರೆ ಮನೆಯೊಳಗೆ ಹೋಗುವ ಧೈರ್ಯವಾಗದೆ ಟೈರುಗಳ ಪಕ್ಕ ನಿಂತಿದ್ದರು. "ಅಣ್ಣ ತಲೆಯೆತ್ತಿ ನೋಡ್ದ. ಏನಾಯ್ತು, ಯಾಕೆ ಬಂದೆ, ಎಷ್ಟು ದಿನ ಇರ್ತೀಯ, ಒಂದೂ ಕೇಳ್ಲಿಲ್ಲ. ಬ್ರಷ್ ಕೈಗೆ ಕೊಟ್ಟ. 'ಇದನ್ನ ತೊಳಿ' ಅಂದ. ಇವತ್ತಿನವರೆಗೂ ಕೇಳಿಲ್ಲ." ನೆಂಟರಿಷ್ಟರು ಬಾಯಿಗೆ ಬಂದಂತೆ ಆಡಿಕೊಂಡಾಗ ಮೇಸ್ತ್ರಿ ಹೇಳುತ್ತಿದ್ದುದು ಒಂದೇ ಮಾತು, "ನಂಗೆ ಕೆಲಸಕ್ಕೆ ಜನ ಬೇಕಿತ್ತು."

ಮೇಸ್ತ್ರಿಯ ಕೈಗುಣಕ್ಕೆ ದೂರದೂರುಗಳಿಂದಲೂ ಎಂಜಿನ್ನುಗಳು ಬರುತ್ತಿದ್ದವು. ಅದರಲ್ಲೂ ರ‍್ಯಾಲಿ ಕಾರುಗಳದ್ದು. ಮಣ್ಣುರಸ್ತೆಗಳಲ್ಲಿ, ಕಾಡುದಾರಿಗಳಲ್ಲಿ ಗಡಿಯಾರದೊಂದಿಗೆ ಪೈಪೋಟಿಗೆ ಬಿದ್ದು ಓಡುವ ಪುಟ್ಟ ಕಾರುಗಳು. ಎಂಜಿನ್ ಅಂಗೈಯಗಲ ಅನ್ನುವಷ್ಟು ಚಿಕ್ಕದು. ಆದರೆ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಟರ್ಬೊ ಅದರೊಳಗೆ ಗಾಳಿಯನ್ನು ತುರುಕಿ ತುರುಕಿ, ಅದರ ಮೈಗೆ ಮೀರಿದ ಕೆಲಸ ತೆಗೆಯುತ್ತದೆ. ಅಂಥ ಎಂಜಿನ್ನಿನಲ್ಲಿ ಸಣ್ಣ ತಪ್ಪಿಗೂ ಕ್ಷಮೆಯಿಲ್ಲ.

ಮೂರು ವರ್ಷದ ಹಿಂದೆ ಮೇಸ್ತ್ರಿಯ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಆಡತೊಡಗಿತು. ಮೊದಲು ಗಮನಿಸಿದ್ದು ಅತ್ತಿಗೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಗಂಡ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ನರಗಳ ಡಾಕ್ಟರು ಇದು ನಡುಕದ ಕಾಯಿಲೆ, ಗುಣವಾಗುವುದಲ್ಲ, ಹಿಡಿತದಲ್ಲಿಡಬಹುದು ಎಂದರು. ದಿನಕ್ಕೆ ಮೂರು ಮಾತ್ರೆ. ಮಾತ್ರೆ ಬಿದ್ದ ಮೇಲೆ ಒಂದೆರಡು ಗಂಟೆ ಕೈ ಹಳೆಯ ಕೈಯಾಗುತ್ತಿತ್ತು. ಆ ಹೊತ್ತನ್ನು ಹಿಡಿದು ಮೇಸ್ತ್ರಿ ಕೆಲಸ ಮುಗಿಸುತ್ತಿದ್ದರು. ಮನೆಯ ಮೂವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಹೋದ ವರ್ಷ ಹಲ್ಲಿನ ಡಾಕ್ಟರೊಬ್ಬರ ಕಾರಿನ ಎಂಜಿನ್ ಬಂತು. ವಾರವೆಲ್ಲ ಹಲ್ಲು ಕೀಳುತ್ತಾ, ರಜೆ ಸಿಕ್ಕಾಗ ರ‍್ಯಾಲಿ ಓಡಿಸುವ ಮನುಷ್ಯ. ಪಕ್ಕದ ಸೀಟಿನಲ್ಲಿ ಪುಸ್ತಕ ಹಿಡಿದು ಮುಂದಿನ ತಿರುವುಗಳನ್ನು ಓದಿ ಹೇಳುತ್ತಿದ್ದವನು ಅವರ ಹೆಂಡತಿಯ ತಮ್ಮ. ಮೇಸ್ತ್ರಿ ಎಂಜಿನ್ ಕಟ್ಟಿಕೊಟ್ಟರು. ಎರಡನೇ ರ‍್ಯಾಲಿಯಲ್ಲಿ, ಇಳಿಜಾರಿನ ತಿರುವೊಂದರಲ್ಲಿ, ಎಂಜಿನ್ ಒಮ್ಮೆಲೇ ತಿರುಗದಂತೆ ಹಿಡಿದುಕೊಂಡಿತು. ಮುಂದಿನ ಚಕ್ರಗಳು ಬಿಗಿದುಕೊಂಡವು. ಡಾಕ್ಟರು ಕ್ಲಚ್ ತುಳಿಯುವಷ್ಟರಲ್ಲಿ ಕಾರು ತಿರುವನ್ನು ಬಿಟ್ಟು ನೇರ ಹೋಗಿ ಹಳ್ಳಕ್ಕೆ ಬಿತ್ತು. ಡಾಕ್ಟರಿಗೆ ತರಚು ಗಾಯ. ಭಾವಮೈದನ ಸೊಂಟದ ಮೂಳೆ ಮುರಿಯಿತು.

ಎಂಜಿನ್ ವಾಪಸು ಷೆಡ್ಡಿಗೆ ಬಂತು. ಮೇಸ್ತ್ರಿ ಬಿಚ್ಚಿದರು, ತಂಗಿ ತೊಳೆಯಲು ಕೂತರು. ಎಣ್ಣೆ ತಟ್ಟೆಯ ತಳದ ಕೆಸರಿನಲ್ಲಿ ಬೆರಳಿಗೆ ಏನೋ ಚುಚ್ಚಿತು. ಹೆಬ್ಬೆರಳ ಉಗುರಿನಗಲದ ತಂತಿಯ ಬಳೆ. ಪಿಸ್ಟನ್ನನ್ನು ಅದರ ಕೈಗೆ, ಅಂದರೆ ಅದನ್ನು ಏರಿಳಿಸುವ ಕನೆಕ್ಟಿಂಗ್ ರಾಡಿಗೆ, ಸೇರಿಸುವ ದಪ್ಪ ಕಬ್ಬಿಣದ ಪಿನ್ನು ಪಕ್ಕಕ್ಕೆ ಜಾರದಂತೆ ತಡೆಯಲು ಎರಡೂ ಕಡೆ ಒಂದೊಂದು ಇಂಥ ಕ್ಲಿಪ್ಪು ಇರುತ್ತದೆ. ತನ್ನ ಕಚ್ಚಿನಲ್ಲಿ ಪೂರ್ತಿ ಕೂತರೆ ಅದು ಕಳಚಿಕೊಂಡು ಬರುವುದಿಲ್ಲ. ಮೂರನೇ ಪಿಸ್ಟನ್ನಿನ ಕಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. ಅರ್ಧ ಸುತ್ತು ಕಪ್ಪಾಗಿತ್ತು, ಉಳಿದರ್ಧ ಹೊಸದರ ಹಾಗೆ ಹೊಳೆಯುತ್ತಿತ್ತು. ಕ್ಲಿಪ್ಪು ಕೂತಿದ್ದು ಅರ್ಧಕ್ಕೆ ಮಾತ್ರ. ಅದು ಕಳಚಿತು, ಪಿನ್ನು ಜಾರಿತು, ಗೋಡೆಯನ್ನು ಉಳುಮೆ ಮಾಡಿದ ಹಾಗೆ ಕೊರೆಯಿತು.

"ಅಣ್ಣ, ಇದು ಕೂತೇ ಇಲ್ಲ."

ಮೇಸ್ತ್ರಿ ಕ್ಲಿಪ್ಪನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು. "ಒಳಗಿಡು ಅದನ್ನ. ಪಿಸ್ಟನ್ನೇ ಸರಿ ಇರ್ಲಿಲ್ಲ."

"ಪಿಸ್ಟನ್ ಸರಿಯಾಗೇ ಇದೆ. ನೋಡು ಇಲ್ಲಿ..."

"ನಾನು ಹೇಳಿದ್ದು ಕೇಳಿಸ್ತೋ ಇಲ್ವೋ!"

ಇಪ್ಪತ್ತಾರು ವರ್ಷದಲ್ಲಿ ಅಣ್ಣ ದನಿಯೇರಿಸಿದ್ದು ಅದೇ ಮೊದಲು. ತಂಗಿ ಕ್ಲಿಪ್ಪನ್ನು ಹಳೆಯದೊಂದು ಮುಲಾಮಿನ ಡಬ್ಬಿಗೆ ಹಾಕಿ, ಉಪಕರಣಗಳ ಕಪಾಟಿನ ಹಿಂದೆ ಇಟ್ಟರು. ಡಾಕ್ಟರು ಕೇಳಿದಾಗ ಮೇಸ್ತ್ರಿ ಪಿಸ್ಟನ್ನಿನ ಮೇಲೆ ತಪ್ಪು ಹೊರಿಸಿದರು. ತಂಗಿ ಪಕ್ಕದಲ್ಲೇ ನಿಂತಿದ್ದರು. ಬಾಯಿ ಬಿಡಲಿಲ್ಲ.

ಆಮೇಲೆ ಒಂದು ದಿನ ಆಸ್ಪತ್ರೆಗೆ ಹೋದರು, ಭಾವಮೈದನನ್ನು ನೋಡಲು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಮೂವತ್ತು ದಾಟಿರದ ಹುಡುಗ. ಇವರನ್ನು ಕಂಡು ಅವನೇ ಸಮಾಧಾನ ಹೇಳಿದ. "ಮೇಸ್ತ್ರಿಗೆ ಹೇಳಿ ಅಕ್ಕ, ಮನಸ್ಸಿಗೆ ಹಚ್ಕೋಬೇಡಿ ಅಂತ. ಪಿಸ್ಟನ್ ಕೈ ಕೊಟ್ರೆ ಅವರು ತಾನೇ ಏನು ಮಾಡ್ತಾರೆ?"

"ಆ ಮಾತು ಕೇಳಿ ಅಲ್ಲಿಂದ ಎದ್ದು ಬಂದೆ. ಮೆಟ್ಟಿಲಲ್ಲಿ ಕೂತ್ಕೊಂಡೆ. ನಮ್ಮನ್ನ ಬೈದಿದ್ರೆ ತಡ್ಕೋಬಹುದಿತ್ತು" ಎನ್ನುತ್ತಾರೆ ಸೋಪಿನಕ್ಕ.

ಗೋಡೆಯ ಗಾಯ ಆಳವಾಗಿತ್ತು. ಇಂಥ ಬ್ಲಾಕನ್ನು ಉಳಿಸಬೇಕಾದರೆ ಸಿಲಿಂಡರುಗಳನ್ನು ಇನ್ನಷ್ಟು ಅಗಲಕ್ಕೆ ಹೆರೆದು, ಅದಕ್ಕೆ ತಕ್ಕಂತೆ ಓವರ್‌ಸೈಜ್ ಪಿಸ್ಟನ್ ಕೂರಿಸಬೇಕು. ಅರ್ಧ ಮಿಲಿಮೀಟರು ಹೆರೆದರೆ ಗೀರು ಪೂರ್ತಿ ಹೋಗುತ್ತಿರಲಿಲ್ಲ. ಒಂದು ಮಿಲಿಮೀಟರು ಹೆರೆಯಬೇಕಾಯಿತು, ಒಂದಕ್ಕಲ್ಲ, ಸಮನಾಗಿರಲೆಂದು ನಾಲ್ಕಕ್ಕೂ. ಈ ಬ್ಲಾಕು ತಾಳುವುದು ಅಷ್ಟೇ. ಮತ್ತೊಮ್ಮೆ ಗಾಯವಾದರೆ ಹೆರೆಯಲು ಗೋಡೆಯೇ ಉಳಿದಿರುವುದಿಲ್ಲ.

ಹೊಸ ಪಿಸ್ಟನ್ನುಗಳು ತಯಾರಾಗಿ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಸೋಪಿನಕ್ಕ ಬೆಳಗಿನ ಜಾವ ಒಂದೊಂದು ಗಂಟೆ ಗುಜರಿ ಬ್ಲಾಕೊಂದರ ಮುಂದೆ ಕೂತು ಪಿಸ್ಟನ್ ಕೂರಿಸುವುದನ್ನು ಕಲಿತರು. ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ಕ್ಲಿಪ್ಪು ಚಿಮ್ಮಿ ತಂಗಿಯ ಕೆನ್ನೆಗೆ ಬಡಿದು ಎಲ್ಲೋ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದರು. ಸಿಕ್ಕ ಮೇಲೆ ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕೂತು ಹೇಳಿದರು, "ಕಣ್ಣಿಂದ ನೋಡ್ಬೇಡ. ಅದು ಕೂತಾಗ ಒಂದು ಸದ್ದು ಬರುತ್ತೆ. ಅದನ್ನ ಕೇಳು." ತಪ್ಪೊಪ್ಪಿಗೆಯ ಹತ್ತಿರಕ್ಕೆ ಅವರು ಬಂದಿದ್ದು ಅಷ್ಟೇ.

ಕ್ಲಿಪ್ಪು ಹಾಕುವುದು, ತೆಗೆಯುವುದು ನಾನೂರು ಸಲವಾದರೂ ಆಗಿರಬೇಕು. ಪಿಸ್ಟನ್ನಿನ ರಿಂಗುಗಳ ತುದಿಯನ್ನು ಅರದಿಂದ ಉಜ್ಜುವುದು ಇನ್ನೊಂದು ಸೂಕ್ಷ್ಮ. ರಿಂಗನ್ನು ಸಿಲಿಂಡರಿಗೆ ಇಳಿಸಿದಾಗ ಅದರ ಎರಡು ತುದಿಗಳ ನಡುವೆ ಅರ್ಧ ಮಿಲಿಮೀಟರಿಗಿಂತ ಚೂರು ಕಡಿಮೆ ಸಂದು ಇರಬೇಕು. ಸಂದು ಸಾಲದಿದ್ದರೆ ಟರ್ಬೊದ ಕಾವಿಗೆ ತುದಿಗಳು ಒಂದಕ್ಕೊಂದು ಗುದ್ದಿ ಪಿಸ್ಟನ್ನಿನ ಅಂಚನ್ನೇ ಮುರಿಯುತ್ತವೆ. ಒಂದು ಸಲ ಹೆಚ್ಚು ಉಜ್ಜಿಬಿಟ್ಟರೆ ಮತ್ತೆ ಬೆಳೆಸಲು ಬರುವುದಿಲ್ಲ. ಒಂದೊಂದು ರಿಂಗಿಗೂ ಐದಾರು ಸಲ ಉಜ್ಜಿ, ಇಳಿಸಿ, ಅಳೆದು, ತೆಗೆದು, ಮತ್ತೆ ಉಜ್ಜುತ್ತಾರೆ. ನಾಲ್ಕು ಪಿಸ್ಟನ್ನಿಗೆ ಹೀಗೆ ಎಂಟು ರಿಂಗು. ಒಂದೂವರೆ ದಿನದ ಕೆಲಸ.

ಕೈ ಕಲಿಯಿತು, ಆದರೆ ಡಬ್ಬಿಯೊಳಗಿನ ಕ್ಲಿಪ್ಪು ಅಲ್ಲೇ ಇತ್ತು. "ಈ ಎಂಜಿನ್ನನ್ನ ನಾನೇ ಕೂರಿಸಿ, ಮೇಸ್ತ್ರಿ ಕೂರಿಸಿದ್ದು ಅಂತ ಕೊಡೋದು ಅಂತಿತ್ತು ಅಣ್ಣನ ಮನಸ್ಸಲ್ಲಿ. ಮತ್ತೆ ಅದೇ ಡಾಕ್ಟ್ರು ಅದರಲ್ಲಿ ಕೂತು ಹೋಗ್ಬೇಕು. ಪಕ್ಕದಲ್ಲಿ ಇನ್ಯಾರೋ ಕೂರ್ಬೇಕು. ನಂಗೆ ಊಟ ಸೇರ್ತಿರಲಿಲ್ಲ." ಪಿಸ್ಟನ್ ಕೂರಿಸುವ ಹಿಂದಿನ ದಿನ ಅವರು ಫೋನ್ ಮಾಡಿದರು.

ಏಳಕ್ಕೆ ಐದು ನಿಮಿಷವಿದ್ದಾಗ ಡಾಕ್ಟರು ಷಟರ್ ಅಡಿಯಲ್ಲಿ ಬಗ್ಗಿ ಒಳಬರುತ್ತಾರೆ. ಕ್ಲಿನಿಕ್ಕಿಗೆ ಹೊರಟ ಇಸ್ತ್ರಿಯ ಅಂಗಿ. ಮೇಸ್ತ್ರಿ ಗಾಬರಿಯಿಂದ ತಂಗಿಯ ಮುಖ ನೋಡುತ್ತಾರೆ.

"ಡಾಕ್ಟ್ರೇ, ಎಂಜಿನ್ ಇನ್ನೂ ತೆರೆದೇ ಇದೆ. ಮುಚ್ಚೋಕೆ ಮುಂಚೆ ಒಂದು ಮಾತು ಹೇಳ್ಬೇಕಿತ್ತು." ಡಬ್ಬಿಯನ್ನು ತೆರೆದು ಚಾಚುತ್ತಾರೆ. "ಇದು ಮೂರನೇ ಸಿಲಿಂಡರಿಂದು. ಆಗ ಪಿಸ್ಟನ್ ಸರಿಯಾಗೇ ಇತ್ತು. ಈ ಕ್ಲಿಪ್ಪು ಕೂತಿರ್ಲಿಲ್ಲ. ಅಣ್ಣಂಗೆ ಕೈ ನಡುಗೋ ಕಾಯಿಲೆ. ಗೊತ್ತಿದ್ದೂ ಮುಚ್ಚಿಟ್ವಿ. ನಾನೂ ಸೇರಿ."

ಸ್ಟೂಲು ಉರುಳಿಬೀಳುತ್ತದೆ. ಎದ್ದು ನಿಂತ ಮೇಸ್ತ್ರಿಯ ಬಲಗೈ ಈಗ ಯಾವ ಮರೆಯೂ ಇಲ್ಲದೆ ನಡುಗುತ್ತಿದೆ. "ನನ್ನೆದುರಿಗೇ ಹೇಳ್ಬೇಕಿತ್ತಾ ನಿಂಗೆ?"

"ಹಿಂದಿನಿಂದ ಹೇಳೋಕೆ ಮನಸ್ಸು ಬರಲಿಲ್ಲ ಅಣ್ಣ."

ಮೇಸ್ತ್ರಿ ಷಟರಿನ ಕಡೆ ನಡೆಯುತ್ತಾರೆ. ಅದರಡಿ ಬಗ್ಗಲು ಅವರಿಗೆ ಬಹಳ ಹೊತ್ತು ಹಿಡಿಯುತ್ತದೆ. ಒಂದು ಕೈ ನೆಲಕ್ಕೆ ಊರಿ, ಒಂದು ಭುಜ ಷಟರಿಗೆ ತಾಗಿ, ಮತ್ತೆ ಹಿಂದೆ ಸರಿದು, ಮತ್ತೆ ಬಗ್ಗುತ್ತಾರೆ. ತಂಗಿಗೂ ಡಾಕ್ಟರಿಗೂ ಹೋಗಿ ಷಟರ್ ಎತ್ತಬೇಕೆಂದು ಹೊಳೆಯುವುದೇ ಇಲ್ಲ, ಅಥವಾ ಹೊಳೆದರೂ ಕಾಲು ಏಳುವುದಿಲ್ಲ.

ಡಾಕ್ಟರು ಸ್ಟೂಲನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂರುತ್ತಾರೆ. ಕ್ಲಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡುತ್ತಾರೆ.

"ನಂಗೆ ಗೊತ್ತಿತ್ತು."

ಸೋಪಿನಕ್ಕ ಕ್ಲಿಪ್ಪಿನಿಂದ ಕಣ್ಣೆತ್ತಿ ಅವರ ಮುಖ ನೋಡುತ್ತಾರೆ.

"ಕ್ಲಿಪ್ಪಿನ ವಿಷಯ ಅಲ್ಲ. ಕೈ ವಿಷಯ. ಎಂಜಿನ್ ಕೊಡೋಕೆ ಬಂದ ದಿನ ಮೇಸ್ತ್ರಿ ಟೀ ಲೋಟ ಹಿಡ್ಕೊಂಡಿದ್ರು, ಹೆಬ್ಬೆರಳು ಆಡ್ತಿತ್ತು. ನಮ್ಮ ಕೆಲಸದಲ್ಲಿ ಬೇರೆಯವರ ಕೈ ನೋಡೋದು ಅಭ್ಯಾಸ ಆಗ್ಬಿಟ್ಟಿರುತ್ತೆ. ಕೇಳೋಣ ಅನ್ಕೊಂಡೆ. ರ‍್ಯಾಲಿ ಹತ್ರ ಇತ್ತು. ಕೇಳಿದ್ರೆ ನೀವು ಏನಾದ್ರೂ ಉತ್ತರ ಹೇಳ್ತಿದ್ರಿ, ಆಮೇಲೆ ನಾನು ಬೇರೆ ಕಡೆ ಹೋಗ್ಬೇಕಾಗ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಹೊರಗೆ ಒಂದೊಂದಾಗಿ ಷಟರುಗಳು ಏಳುವ ಸದ್ದು. ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದಾರೆ.

"ಈಗ ಇದನ್ನ ಯಾರು ಕೂರಿಸ್ತಾರೆ?"

"ನಾನು. ಬೇಡ ಅಂದ್ರೆ ಹಾಗೇ ತಗೊಂಡು ಹೋಗಿ. ತೊಳೆದಿಟ್ಟಿದೀನಿ, ಅಳತೆ ಎಲ್ಲ ಚೀಟಿಲಿ ಬರೆದಿದೀನಿ. ಯಾರ ಹತ್ರ ಹೋದ್ರೂ ಕೂರಿಸಿ ಕೊಡ್ತಾರೆ."

ಡಾಕ್ಟರು ಕ್ಲಿನಿಕ್ಕಿಗೆ ಫೋನ್ ಮಾಡಿ ಬರುವುದು ತಡವಾಗುತ್ತದೆ ಎನ್ನುತ್ತಾರೆ. "ಮಾಡಿ. ನಾನಿಲ್ಲೇ ಕೂತಿರ್ತೀನಿ."

ಸೋಪಿನಕ್ಕ ಕೈ ತೊಳೆದುಕೊಂಡು ಬರುತ್ತಾರೆ. ಒಂದನೇ ಪಿಸ್ಟನ್ನು. ಪಿನ್ನಿಗೆ ಎಣ್ಣೆ ಸವರಿ ಒಳಗೆ ಜಾರಿಸಿ, ಕ್ಲಿಪ್ಪನ್ನು ಕಚ್ಚಿಗೆ ಒತ್ತುತ್ತಾರೆ. ಟಕ್. ಮೊನಚು ಕಡ್ಡಿಯಿಂದ ಸುತ್ತಲೂ ತಡವಿ ನೋಡುತ್ತಾರೆ. ಇನ್ನೊಂದು ಕಡೆಯದು. ಟಕ್. ರಿಂಗುಗಳ ಸಂದುಗಳು ಒಂದರ ಕೆಳಗೊಂದು ಬಾರದಂತೆ ತಿರುಗಿಸಿ, ತಗಡಿನ ಪಟ್ಟಿಯಿಂದ ಬಿಗಿದು, ಪಿಸ್ಟನ್ನಿನ ತಲೆಯ ಬಾಣದ ಗುರುತು ಎಂಜಿನ್ನಿನ ಮುಂದಕ್ಕಿದೆಯೇ ನೋಡಿ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಸಿಲಿಂಡರು ಅದನ್ನು ಒಂದೊಂದೇ ಬೆರಳಗಲ ಒಳಕ್ಕೆ ತೆಗೆದುಕೊಳ್ಳುತ್ತದೆ. ಕೆಳಗಿನ ಬೋಲ್ಟುಗಳನ್ನು ಬಿಗಿದು ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಎಲ್ಲೂ ತೊಡರುವುದಿಲ್ಲ. ಎರಡನೆಯದಕ್ಕೂ ಹಾಗೆಯೇ.

ಮೂರನೆಯದಕ್ಕೆ ಬಂದಾಗ ಕ್ಲಿಪ್ಪು ಒತ್ತುತ್ತಾರೆ, ಕಡ್ಡಿಯಿಂದ ತಡವುತ್ತಾರೆ. ಆಮೇಲೆ ಅದನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿ ಹೊಸದೊಂದನ್ನು ತೆಗೆಯುತ್ತಾರೆ.

"ಕೂತಿತ್ತಲ್ಲ?" ಎನ್ನುತ್ತಾರೆ ಡಾಕ್ಟರು. "ನಂಗೂ ಕಾಣಿಸ್ತು."

"ಕೂತಿತ್ತು. ಸದ್ದು ಕೇಳಿಸ್ಲಿಲ್ಲ. ಆಗ ಸ್ಕೂಟರ್ ಸದ್ದು ಬಂತು."

ನಾಲ್ಕೂ ಮುಗಿದಾಗ ಹತ್ತೂಮುಕ್ಕಾಲು. ಡಾಕ್ಟರ ಇಸ್ತ್ರಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿದೆ. ಹೊರಡುವ ಮುನ್ನ ಅವರು ಕೇಳುತ್ತಾರೆ, "ಅವನಿಗೆ ಯಾರು ಹೇಳೋದು?"

ಇಬ್ಬರೂ ಜೊತೆಗೇ ಹೋದರು, ಆ ಭಾನುವಾರ. ಭಾವಮೈದನಿಗೆ ಮೆಟ್ಟಿಲು ಹತ್ತಲಾಗದೆ ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿದ್ದರು. ಪಕ್ಕದಲ್ಲಿ ಊರುಗೋಲು. ಸೋಪಿನಕ್ಕ ಹೇಳಿದ್ದನ್ನು ಪೂರ್ತಿ ಕೇಳಿದ. ಕೂಗಾಡಲಿಲ್ಲ. "ಆಸ್ಪತ್ರೆಗೆ ಬಂದಿದ್ರಲ್ಲ ಅಕ್ಕ. ಆಗ್ಲೇ ಹೇಳಬಹುದಿತ್ತು" ಎಂದ. ಆಮೇಲೆ ಡಾಕ್ಟರು ಹೇಳಿದ್ದನ್ನೂ ಕೇಳಿದ. "ಭಾವ, ನೀವೂನಾ?" ಎಂದು ಗೋಡೆಯ ಕಡೆ ತಿರುಗಿಕೊಂಡ. ಅವನು ಇನ್ನು ಮುಂದೆ ಓಡಲಾರ, ಕಾರಿನಲ್ಲಿ ಪುಸ್ತಕ ಹಿಡಿದು ಕೂರಲಾರ. ಸೋಪಿನಕ್ಕನ ಫೋನ್ ಬಂದರೆ ಎತ್ತುವುದಿಲ್ಲ. "ಎತ್ತಬೇಕು ಅಂತ ನಾನು ಹೇಳೋಕಾಗುತ್ತಾ?" ಎನ್ನುತ್ತಾರೆ ಅವರು.

ಮೇಸ್ತ್ರಿ ಹತ್ತೊಂಬತ್ತು ದಿನ ತಂಗಿಯೊಂದಿಗೆ ಮಾತಾಡಲಿಲ್ಲ. ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಊಟ ಮಾಡುತ್ತಿದ್ದರು. ನಡುವೆ ಅತ್ತಿಗೆಯೇ ಅಂಚೆಯವರಾದರು. ಗಂಡ ಹೇಳದ ಮಾತನ್ನೂ ಹೇಳಿದರೆಂದು ತಂದು ಮುಟ್ಟಿಸುತ್ತಿದ್ದರು. "ಟೋಪಿ ಹಾಕ್ಕೊಂಡು ಕೆಲಸ ಮಾಡು ಅಂದ್ರು ನಿಮ್ಮಣ್ಣ" ಎಂದರೆ ಸೋಪಿನಕ್ಕನಿಗೆ ಗೊತ್ತಾಗುತ್ತಿತ್ತು, ಅಣ್ಣ ಎಂದೂ ಅಂಥ ಮಾತು ಆಡಿದವನಲ್ಲ ಎಂದು. "ಸುಳ್ಳು ಹೇಳೋಕೂ ಬರಲ್ಲ ಅತ್ತಿಗೆಗೆ" ಎಂದು ನಗುತ್ತಾರೆ. ನಗು ಕಣ್ಣಿಗೆ ಬರುವಷ್ಟರಲ್ಲಿ ಆರಿಹೋಗುತ್ತದೆ.

ಇಪ್ಪತ್ತನೇ ದಿನ ಷೆಡ್ಡಿನಲ್ಲಿ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಿದರು. ಇಂಥ ಪಿಸ್ಟನ್ನು ತಣ್ಣಗಿರುವಾಗ ಗೋಡೆಗೆ ಬಡಿದು ಟಕಟಕ ಎನ್ನುತ್ತದೆ, ಕಾದ ಮೇಲೆ ಹಿಗ್ಗಿ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಕೆಲಸ ಕೆಟ್ಟಿತೆಂದೇ ಅರ್ಥ. ಎಂಟು ನಿಮಿಷವಾದ ಮೇಲೆ ಎಂಜಿನ್ ನಿಲ್ಲಿಸಿದಾಗ ಹಿತ್ತಲ ಗೋಡೆಯಾಚೆಯಿಂದ ದನಿ ಬಂತು.

"ಸದ್ದು ನಿಲ್ತಾ?"

"ನಿಲ್ತು ಅಣ್ಣ."

"ಎಣ್ಣೆ ಬದಲಾಯ್ಸು. ಮೊದಲನೇದು ಚೆಲ್ಲಿಬಿಡು."

ಈಗಲೂ ಮಾತು ಅಷ್ಟೇ, ಎಣ್ಣೆ, ಬೋಲ್ಟು, ಅಳತೆ. ಷೆಡ್ಡಿನೊಳಗೆ ಮೇಸ್ತ್ರಿ ಕಾಲಿಟ್ಟಿಲ್ಲ. ಎಡಗೈಗೂ ನಡುಕ ಇಳಿದಿದೆ.

ರ‍್ಯಾಲಿ ಓಟಕ್ಕೆ ಆ ಎಂಜಿನ್ ಮತ್ತೆ ಇಳಿದಾಗ ಸೋಪಿನಕ್ಕ ಆ ಊರಿಗೆ ಹೋಗಲಿಲ್ಲ. ಎರಡು ದಿನ ಕೆಲಸ ಕೈಗೆ ಹತ್ತಲಿಲ್ಲ, ಫೋನನ್ನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡಿದರು. ಎರಡನೇ ದಿನ ಸಂಜೆ ಡಾಕ್ಟರು ಫೋನ್ ಮಾಡಿದರು. ಹೊರಟ ಮೂವತ್ತೊಂದು ಕಾರುಗಳಲ್ಲಿ ಕೊನೆ ಮುಟ್ಟಿದ್ದು ಹದಿನೆಂಟು, ಅವರದ್ದು ಹದಿನಾಲ್ಕನೆಯದು. "ಎಂಜಿನ್ ಹೇಗಿತ್ತು?" ಎಂದು ಇವರು ಕೇಳಿದ್ದಕ್ಕೆ, "ಅದರ ನೆನಪೇ ಬರಲಿಲ್ಲ ಅಕ್ಕ" ಎಂದರಂತೆ. ಅದಾಗಿ ತಿಂಗಳೊಳಗೆ ಡಾಕ್ಟರು ಕಾರನ್ನು ಮಾರಿದರು. ಹೆಂಡತಿಯ ಎದುರು ಆ ಕಾರಿನ ಮಾತೆತ್ತುವ ಹಾಗಿರಲಿಲ್ಲ.

ಸುದ್ದಿ ಬೀದಿಯಲ್ಲಿ ಉಳಿಯುವ ವಸ್ತುವಲ್ಲ. ಮೇಸ್ತ್ರಿಯ ಕೈಯ ವಿಷಯ ಹಬ್ಬಿ, ಇನ್ನೆರಡು ರ‍್ಯಾಲಿ ತಂಡದವರು ಬಿಚ್ಚಿಟ್ಟ ತಮ್ಮ ಎಂಜಿನ್ನುಗಳನ್ನು ಹಾಗೆಯೇ ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ತೊಳೆಯುವ ಹೆಂಗಸು ಕೂರಿಸಿಕೊಡುತ್ತಾಳೆ ಅಂದರೆ ನಂಬುವವರು ಯಾರು? ಈಗ ಬರುವುದು ನೀರಿನ ಪಂಪು, ಜನರೇಟರು, ಒಮ್ಮೊಮ್ಮೆ ಸರಕಿನ ಆಟೊ. ಅವಕ್ಕೂ ಸೋಪಿನಕ್ಕ ಬೆಳಗ್ಗೆ ಐದಕ್ಕೇ ಎದ್ದು ಅಳೆಯುತ್ತಾರೆ, ಆರು ಸಲ ತೊಳೆಯುತ್ತಾರೆ. ಪಂಪಿನ ಎಂಜಿನ್ನಿಗೆ ಇಷ್ಟೆಲ್ಲ ಯಾಕೆ ಎಂದು ಪಕ್ಕದ ಷೆಡ್ಡಿನವರು ನಗುತ್ತಾರೆ.

ಹೇಳಿದ್ದಕ್ಕೆ ಬೇಜಾರಿದೆಯೇ ಎಂದರೆ ಅವರು ಬ್ರಷ್ಷನ್ನು ನೀರಿಗದ್ದಿ ಉಜ್ಜುತ್ತಲೇ ಉತ್ತರಿಸುತ್ತಾರೆ. "ಹೇಳಿದ್ದಕ್ಕಿಲ್ಲ. ತಡವಾಗಿ ಹೇಳಿದ್ದಕ್ಕಿದೆ. ಅಣ್ಣನ ವಿಷಯಕ್ಕೆ ಇದ್ದೇ ಇದೆ. ಅವನು ನನ್ನನ್ನ ಒಂದು ಮಾತೂ ಕೇಳದೆ ಒಳಗೆ ಕರ್ಕೊಂಡ. ನಾನು ಅವನನ್ನ ಅವನ ಷೆಡ್ಡಿಂದಾನೇ ಹೊರಗೆ ಹಾಕಿದ ಹಾಗಾಯ್ತು. ಅದು ಹೋಗಲ್ಲ."

ಅವರಿಗೊಂದು ಆಸೆಯಿದೆ. ಕೇಳಿದರೆ ಮೊದಲು ತಲೆಯಾಡಿಸಿ ಏನೂ ಇಲ್ಲ ಎನ್ನುತ್ತಾರೆ. ಬ್ಲಾಕನ್ನು ಮಗ್ಗುಲು ತಿರುಗಿಸಿ, ಬಿಳಿ ಬಟ್ಟೆಯನ್ನು ಎಣ್ಣೆಗೆ ಅದ್ದಿ ಹಿಂಡುತ್ತಾ, ತಾವಾಗಿಯೇ ಹೇಳುತ್ತಾರೆ.

"ಆ ಕಾರು ಈಗ ಎಲ್ಲಿದೆಯೋ. ಯಾರು ಓಡಿಸ್ತಿದಾರೋ. ಎಂಜಿನ್ ಅಂದ್ಮೇಲೆ ಒಂದು ದಿನ ಯಾರಾದ್ರೂ ಬಿಚ್ಚಲೇಬೇಕು, ಇಲ್ಲಿಂದ ಎಷ್ಟೋ ದೂರದಲ್ಲಿ. ಅವರಿಗೆ ನಾನ್ಯಾರು ಅಂತ ಗೊತ್ತಿರಲ್ಲ, ಗೊತ್ತಾಗೋದೂ ಬೇಡ. ಬಿಚ್ಚಿದೋರು ಸುಮ್ನೆ ಬೆರಳು ಹಾಕಿ ಆ ನಾಲ್ಕು ಗೋಡೆ ಸವರಿ ನೋಡ್ಲಿ. ಯಾರೋ ಮನಸ್ಸಿಟ್ಟು ಮಾಡಿದಾರೆ ಕಣಯ್ಯ ಅಂತ ಪಕ್ಕದವರಿಗೆ ಒಂದು ಮಾತು ಅಂದ್ರೆ ಸಾಕು ನಂಗೆ."